ಜೋಳ ತಿಂದವಳ ಎಲುಬು

ಶ್ರೀನಿವಾಸಪುರಕ್ಕೆ ಬಂದಿಳಿದ ಮೊದಲ ದಿನವೇ, ಬಾಯಿಗಿಟ್ಟ ನೀರಿನ ಲೋಟವನ್ನು ಒಬ್ಬರು ನನ್ನ ಕೈಯಿಂದ ಕಿತ್ತುಕೊಂಡರು.

ಹಿಂದಿನ ಸಂಜೆ ಇಂಡಿಯಲ್ಲಿ ಬಸ್ಸು ಹತ್ತಿದವಳು ಬೆಂಗಳೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಕೋಲಾರ ದಾಟಿ ಬಂದಿದ್ದೆ. ಗಂಟಲು ಒಣಗಿಹೋಗಿತ್ತು. ಬಾಡಿಗೆಗೆ ಗೊತ್ತುಮಾಡಿದ್ದ ಮನೆಯ ಹಿತ್ತಲಲ್ಲಿ ನಲ್ಲಿ ಕಂಡದ್ದೇ ತಡ, ಲೋಟ ಹಿಡಿದೆ. ಎಲ್ಲಿದ್ದರೋ ಏನೋ, ಮನೆಯ ಒಡತಿ ಸೆರಗು ಸಿಕ್ಕಿಸಿಕೊಂಡು ಓಡಿಬಂದು ಲೋಟ ಕಿತ್ತು, ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿಬಿಟ್ಟರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಹೆಸರು ಕೇಳುತ್ತೇವೆ. ಇದೆಂಥ ಊರಪ್ಪಾ, ಇದ್ದ ನೀರನ್ನೂ ಕಿತ್ತುಕೊಳ್ಳುತ್ತಾರಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಸರ್ಕಾರಿ ಶಾಲೆಯ ಕೆಲಸ ಸಿಕ್ಕ ಖುಷಿಯೆಲ್ಲ ಅಲ್ಲೇ ಇಳಿದುಹೋಯಿತು.

"ಅದು ಬೋರ್ ನೀರು ಕಣಮ್ಮ! ಪಾತ್ರೆ ತೊಳೆಯಕ್ಕೆ, ಬಟ್ಟೆ ಒಗಿಯಕ್ಕೆ ಅಷ್ಟೇ. ಕುಡಿದ್ರೆ ಹಲ್ಲು ಕೆಡುತ್ತೆ, ಮೂಳೆ ಹಾಳಾಗುತ್ತೆ. ಚಿಕ್ಕ ವಯಸ್ಸು ನಿಂದು, ಮುಂದೆ ಬಾಳಿ ಬದುಕಬೇಕಾದೋಳು," ಎಂದು ಬೈಯುತ್ತಲೇ ಒಳಗಿನಿಂದ ಕ್ಯಾನಿನ ನೀರು ತಂದುಕೊಟ್ಟರು. ಜೊತೆಗೆ ಒಂದು ಚೂರು ಬೆಲ್ಲ. ಇಲ್ಲಿಯ ಕೊಳವೆಬಾವಿಗಳು ಆಳಕ್ಕೆ ಇಳಿದಷ್ಟೂ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಅದನ್ನೇ ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆ, ಮಂಡಿಯಲ್ಲಿ ಬಿಗಿತ ಎಂದು ಆಮೇಲೆ ತಿಳಿಯಿತು. ಅದಕ್ಕೇ ಊರಿಗೆ ಊರೇ ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತರುತ್ತದೆ. ನನ್ನ ಎಲುಬಿನ ಬಗ್ಗೆ ಚಿಂತೆ ಮಾಡಿದ ಮೊದಲ ಮನುಷ್ಯರು ಅವರು. ನಮ್ಮ ಕಡೆ ಎಲುಬು ಅನ್ನುವುದನ್ನು ಇವರು ಮೂಳೆ ಅನ್ನುತ್ತಾರೆ.

ಅವರ ಹೆಸರು ವೆಂಕಟಲಕ್ಷ್ಮಮ್ಮ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬಳೇ ಮಗಳು ಭವ್ಯ ದಿನಾ ಬಸ್ಸಿನಲ್ಲಿ ಕೋಲಾರದ ಕಾಲೇಜಿಗೆ ಹೋಗಿಬರುತ್ತಿದ್ದಳು. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಒಂದು ಪಾಲನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ಗೋಡೆ ಎಷ್ಟು ತೆಳುವೆಂದರೆ ಅತ್ತ ಅವರು ಮೆಣಸಿನಕಾಯಿ ಹುರಿದರೆ ಇತ್ತ ನಾನು ಕೆಮ್ಮುತ್ತಿದ್ದೆ. ಊರಲ್ಲಿ ನನಗೆ ಅವ್ವ ಇದ್ದಳು, ಇಲ್ಲಿ ಇವರನ್ನು ಅಮ್ಮ ಎಂದೆ. ಅವರು ನನ್ನನ್ನು 'ತಲ್ಲಿ' ಅನ್ನುತ್ತಿದ್ದರು. ತೆಲುಗಿನಲ್ಲಿ ತಲ್ಲಿ ಎಂದರೆ ತಾಯಿ, ಆದರೆ ಮಗಳನ್ನು ಮುದ್ದು ಮಾಡುವಾಗಲೂ ಹಾಗೇ ಕರೆಯುತ್ತಾರೆ. ಭವ್ಯಳೂ ತಲ್ಲಿ, ನಾನೂ ತಲ್ಲಿ. ಯಾರೂ ಇಲ್ಲದ ಊರಲ್ಲಿ ಅಷ್ಟು ಸಾಕಾಯಿತು ನನಗೆ.

ಕರ್ನಾಟಕದಿಂದ ಹೊರಟು ಕರ್ನಾಟಕಕ್ಕೇ ಬಂದವಳು ನಾನು. ಆದರೂ ದಿನಾ ಬಸ್ಸಿನಲ್ಲಿ ಹೋಗಿಬರಬೇಕಾದ ಹಳ್ಳಿಯ ಶಾಲೆಯಲ್ಲಿ ಮೊದಲ ದಿನ "ಎಲ್ಲಾರೂ ಕುಂಡ್ರಿ" ಎಂದಾಗ ಒಂದು ಮಗುವೂ ಕೂರಲಿಲ್ಲ. ಒಂದನೇ ತರಗತಿಯ ಹುಡುಗಿ ಪಕ್ಕದವಳ ಕಿವಿಯಲ್ಲಿ "ಟೀಚರ್ ಏಮಂಟಾ ಉಂದಿ?" ಎಂದು ಕೇಳಿದಳು. ಟೀಚರ್ ಏನಂತಿದ್ದಾಳೆ ಎಂದು! ಮಕ್ಕಳ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ನನ್ನ ಕನ್ನಡ ಇವೆರಡಕ್ಕೂ ಸೇರದ ಇನ್ನೊಂದು. ನಾನು "ಹೌದಲ್ರೋ" ಅಂದರೆ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ವರ್ಷ ತಿರುಗುವುದರೊಳಗೆ ನಾನು ಸಂತೆಯಲ್ಲಿ ತೆಲುಗಿನಲ್ಲೇ ಚೌಕಾಸಿ ಮಾಡುವಷ್ಟಾದೆ. ಮಕ್ಕಳು ನನ್ನಿಂದ 'ಯಪ್ಪಾ' ಅನ್ನುವುದನ್ನು ಕಲಿತರು.

ಊಟದ ಕಥೆ ಬೇರೆ. ಇಲ್ಲಿ ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ನಾನು ಅಗಿದು ಅಗಿದು ಹಲ್ಲಿಗೆ ಮೆತ್ತಿಸಿಕೊಂಡದ್ದನ್ನು ನೋಡಿ ಭವ್ಯ ಬಿದ್ದು ಬಿದ್ದು ನಕ್ಕಳು. ಜೋಳದ ಹಿಟ್ಟಿಗೆ ಅಂಗಡಿ ಅಂಗಡಿ ಅಲೆದೆ. ಕೊನೆಗೆ ಅವ್ವ ಬಸ್ಸಿನಲ್ಲಿ ಕೊಟ್ಟು ಕಳಿಸಿದ ಹಿಟ್ಟಿನಲ್ಲಿ ರೊಟ್ಟಿ ಬಡಿದಾಗ ಆ ಸದ್ದು ಕೇಳಿ ಅಮ್ಮ ಬಾಗಿಲಿಗೇ ಬಂದರು. "ಅಬ್ಬಬ್ಬಾ, ಏನ್ ಕೈಯಮ್ಮ ನಿಂದು! ಕಲ್ಲು ಒಡೆಯೋ ಹಂಗ್ ಬಡೀತೀಯ," ಎಂದು ಬೆರಗಾದರು. ನಾನೂ ಉಬ್ಬಿಹೋಗಿ, ನಾವು ಜೋಳ ತಿಂದು ಬೆಳೆದ ಮಂದಿ ಅಮ್ಮ ಅಂದೆ. ಅವತ್ತು ಮೂವರೂ ಕೂತು ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದೆವು.

ಇಂಡಿಯಲ್ಲಿ ನಿಂಬೆ ತೋಟ, ಇಲ್ಲಿ ಕಣ್ಣು ಹಾಯಿಸಿದಷ್ಟೂ ಮಾವಿನ ತೋಪು. ಸಂಕ್ರಾಂತಿ ಕಳೆಯುತ್ತಿದ್ದಂತೆ ಮಾವು ಹೂ ಬಿಟ್ಟಿತು. ಊರವರಿಗೆಲ್ಲ ಸಂಭ್ರಮ, ನನಗೆ ಗ್ರಹಚಾರ. ಸೀನು ಶುರುವಾಯಿತು, ಆಮೇಲೆ ಕೆಮ್ಮು, ಆಮೇಲೆ ಉಬ್ಬಸ. ಎದೆಯೊಳಗೆ ಬೆಕ್ಕು ಕೂತು ಗುರುಗುಟ್ಟಿದ ಹಾಗೆ ಸದ್ದು. ಮಾವಿನ ಹೂವು ಕೆಲವರಿಗೆ ಆಗಿಬರುವುದಿಲ್ಲ ಎಂದು ಕೋಲಾರದ ವೈದ್ಯರೊಬ್ಬರು ಬಾಯಿಗೆ ಒತ್ತಿಕೊಳ್ಳುವ ಇನ್‌ಹೇಲರ್ ಬರೆದುಕೊಟ್ಟರು. ಭವ್ಯಳಿಗೂ ಇದೇ ತೊಂದರೆ. ಅವಳ ಬ್ಯಾಗಿನಲ್ಲೂ ಅಂಥದೇ ಒಂದು ಪಂಪು ಇತ್ತು.

ಫೋನಿನಲ್ಲಿ ಇದನ್ನು ಹೇಳಿದ್ದೇ ತಡ, ಅವ್ವ ಹೌಹಾರಿದಳು. "ಅಯ್ಯ ನಮ್ಮವ್ವಾ, ಆ ಪಂಪ್ ಒಮ್ಮಿ ಹಚ್ಚಿಕೊಂಡ್ರ ಸಾಯೂತನಕಾ ಬಿಡೂದಿಲ್ಲಂತ. ನೋಡಾಕ ಬಂದವರ ಮುಂದ ಅದನ್ನ ಬಾಯಾಗ ಇಟ್ಕೊಂಡು ಕುಂಡ್ರತಿಯೇನು? ಬ್ಯಾಡಂದ್ರ ಬ್ಯಾಡ." ಪಂಪು ಕಪಾಟು ಸೇರಿತು. ಗೋಡೆಯ ಆಚೆಯಿಂದ ನನ್ನ ಒದ್ದಾಟ ಕೇಳಿಸಿಕೊಂಡ ಅಮ್ಮ ಒಂದು ಭಾನುವಾರ, "ಏಳು ತಲ್ಲಿ, ಪುಡಿ ತಾತನ ಹತ್ರ ಹೋಗಿಬರಾಣ" ಎಂದು ಹೊರಡಿಸಿದರು.

ಮುಳಬಾಗಿಲಿನವರೆಗೆ ಬಸ್ಸು, ಅಲ್ಲಿಂದ ಗಡಿಯ ಕಡೆಗೆ ಆಟೋ. ಹೊಂಗೆ ಮರದ ಕೆಳಗೆ ಜಾತ್ರೆಯಂತೆ ಜನ. ಮಂಡಿನೋವಿನವರು, ಸೊಂಟನೋವಿನವರು, ಉಬ್ಬಸದವರು. ಪುಡಿ ತಾತ ನನ್ನ ನಾಡಿ ಹಿಡಿದು, ಕಣ್ಣು ಮುಚ್ಚಿ, ಕಾಗದದ ಪೊಟ್ಟಣಗಳನ್ನು ಕೈಗಿಟ್ಟ. "ಬೇರು, ತೊಗಟೆ ಅಷ್ಟೇ ಮಗಾ. ಸೈಡ್ ಎಫೆಕ್ಟು ಅನ್ನೋದೇ ಇಲ್ಲ. ಹಾಲಲ್ಲಿ ಕಲಸಿ ಕುಡಿ," ಅಂದ. ಕಂದು ಬಣ್ಣದ ಪುಡಿ, ನಾಲಿಗೆಯ ಮೇಲೆ ಒಗರು, ಹಿಂದೆಯೇ ಕಹಿ.

ಸುಳ್ಳು ಯಾಕೆ ಹೇಳಲಿ, ಪವಾಡವೇ ನಡೆಯಿತು. ಎರಡು ದಿನಕ್ಕೆ ಎದೆಯೊಳಗಿನ ಬೆಕ್ಕು ಓಡಿಹೋಯಿತು. ಹಸಿವು ಅಂದರೆ ಹಸಿವು, ಮುದ್ದೆಯ ಮೇಲೆ ಮುದ್ದೆ ನುಂಗಿದೆ. ಹೂವಿನ ಕಾಲ ಮುಗಿದ ಮೇಲೂ ಅಮ್ಮ ತಿಂಗಳು ತಿಂಗಳು ಮರೆಯದೆ ಪೊಟ್ಟಣ ತರಿಸಿದರು. ಬೆಳಗ್ಗೆ ನಾನು ಶಾಲೆಗೆ ಹೊರಡುವ ಮುನ್ನ ಬಿಸಿ ಹಾಲಿಗೆ ಪುಡಿ ಹಾಕಿ, ಲೋಟ ಖಾಲಿಯಾಗುವವರೆಗೂ ಎದುರು ನಿಂತಿರುತ್ತಿದ್ದರು. ಹೆತ್ತವಳು ಇದಕ್ಕಿಂತ ಹೆಚ್ಚೇನು ಮಾಡುತ್ತಾಳೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಬೇಸಿಗೆ ರಜೆಗೆ ಊರಿಗೆ ಹೋದಾಗ ಬಸ್ ನಿಲ್ದಾಣದಲ್ಲೇ ಅವ್ವ ನನ್ನ ಗಲ್ಲ ಹಿಂಡಿದಳು. "ಮಾರಿ ಹೆಂಗ ತುಂಬಿಕೊಂಡದ ನೋಡು!" ಓಣಿಯವರೆಲ್ಲ ಬಂದು ಬಂದು ನೋಡಿದರು. ಕೋಲಾರದ ನೀರು ಹಿಡಿಸ್ಯದ ಈಕಿಗೆ ಎಂದರು. ಕನ್ನಡಿಯಲ್ಲಿ ನನ್ನ ಮುಖ ನಿಜಕ್ಕೂ ಹುಣ್ಣಿಮೆಯಾಗಿತ್ತು. ಕೈಕಾಲು ಸಣ್ಣಗೇ ಇದ್ದವು, ಸ್ವಲ್ಪ ತಾಗಿದರೂ ನೀಲಿಗಟ್ಟುತ್ತಿತ್ತು, ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿತ್ತು. ಅದನ್ನೆಲ್ಲ ಯಾರು ನೋಡುತ್ತಾರೆ? ಹೊಸ ಊರು ಒಗ್ಗಿತು ಅನ್ನುವುದಕ್ಕೆ ದುಂಡು ಮುಖವೇ ಸಾಕ್ಷಿಯಾಯಿತು.

ಇನ್ನೊಂದು ಮಾತು ಹೇಳಬೇಕು, ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ರಜೆಯಲ್ಲಿ ಪುಡಿ ಮುಗಿದುಹೋಯಿತು. ನಾಲ್ಕು ದಿನ ಕಳೆಯುವುದರೊಳಗೆ ಕೀಲು ಕೀಲು ನೋವು, ತಲೆಸುತ್ತು, ವಾಂತಿ. ಹುಟ್ಟಿದ ಮನೆಯಲ್ಲಿ ಮಲಗಿಕೊಂಡು ನಾನು ಶ್ರೀನಿವಾಸಪುರಕ್ಕಾಗಿ ಹಂಬಲಿಸಿದೆ. ರಜೆ ಮುಗಿಯುವ ಮುಂಚೆಯೇ ಹೊರಟುಬಂದೆ. ಅಮ್ಮ ಹಾಲಿಗೆ ಪುಡಿ ಹಾಕಿ ಕೊಟ್ಟರು, ಮಾರನೆಯ ದಿನ ಮೈ ಹೂವಿನಷ್ಟು ಹಗುರ. ಊರಿನ ಗಾಳಿ ಇನ್ನು ನನಗೆ ಆಗಿಬರುವುದಿಲ್ಲ, ಇದೇ ನನ್ನ ಊರು ಎಂದುಕೊಂಡೆ. ಗೆಳತಿಯರಿಗೆ ಹಾಗೇ ಬರೆದೂ ಕಳಿಸಿದೆ.

ಮಾರನೆಯ ವರ್ಷ ಮಾವು ಹೂ ಬಿಟ್ಟಾಗ ಭವ್ಯ ಉಸಿರಿಗೆ ಕಷ್ಟಪಡುತ್ತ ಪಂಪು ಒತ್ತಿಕೊಳ್ಳುತ್ತಿದ್ದಳು. "ಅಮ್ಮಾ, ಇವಳಿಗೂ ಪುಡಿ ಕೊಡಬಾರದೇ?" ಅಂದೆ. ಅಮ್ಮ ಒಲೆಯ ಕಡೆ ತಿರುಗಿಕೊಂಡರು. "ಅವಳ ಮೈಗೆ ಆಗಲ್ಲಮ್ಮ. ಉಷ್ಣ." ಪಾಪದ ಹುಡುಗಿ ಎಂದು ನಾನು ಮರುಗಿದೆ.

ಮೂರನೆಯ ಮಳೆಗಾಲ. ನೀರು ತುಂಬಿದ ಕ್ಯಾನನ್ನು ಬಾಗಿಲಿನಿಂದ ಅಡುಗೆಮನೆಗೆ ತರಲು ಬಗ್ಗಿ ಎತ್ತಿದೆ. ಬೆನ್ನಿನಲ್ಲಿ ಲಟಕ್ ಎಂದಿತು. ನೋವು ಎಂಥದೆಂದರೆ ಕೂಗಲು ಉಸಿರು ತೆಗೆದುಕೊಳ್ಳುವುದಕ್ಕೂ ಆಗಲಿಲ್ಲ. ಅಮ್ಮ, ಭವ್ಯ ಇಬ್ಬರೂ ಓಡಿಬಂದು ಚಾಪೆಯ ಮೇಲೆ ಉರುಳಿಸಿದರು. ಉಳುಕಿದೆ, ಎಣ್ಣೆ ಹಚ್ಚಿದರೆ ಹೋಗುತ್ತದೆ ಎಂದು ಅಮ್ಮ ಒಂದು ವಾರ ತಿಕ್ಕಿದರು. ಹೋಗಲಿಲ್ಲ. ಭವ್ಯಳೇ ಹಟ ಹಿಡಿದು ನನ್ನನ್ನು ಕೋಲಾರದ ಮೂಳೆ ಡಾಕ್ಟರ ಬಳಿಗೆ ಕರೆದುಕೊಂಡುಹೋದಳು.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ಡಾಕ್ಟರಮ್ಮ ಬೆರಳಿಟ್ಟು ತೋರಿಸಿದರು. ಬೆನ್ನುಮೂಳೆಯ ಒಂದು ಮಣಿ ಒಂದು ಕಡೆ ಕುಸಿದಿತ್ತು. ಇನ್ನೊಂದು ಸ್ಕ್ಯಾನು, ರಕ್ತ ಪರೀಕ್ಷೆ ಎಲ್ಲ ಮುಗಿದ ಮೇಲೆ ಕೇಳಿದರು: "ವಯಸ್ಸೆಷ್ಟು ನಿಮಗೆ?"

"ಇಪ್ಪತ್ತೆಂಟು."

"ನಿಮ್ಮ ಮೂಳೆಗಳನ್ನ ನೋಡಿದ್ರೆ ಎಪ್ಪತ್ತರ ಅಜ್ಜೀದು ಅನ್ಸುತ್ತೆ. ಏನಾದ್ರೂ ನಾಟಿ ಔಷಧಿ, ಪುಡಿಗಿಡಿ ತಗೋತಿದ್ದೀರಾ?"

ಉಬ್ಬಸಕ್ಕೆ ಬೇರಿನ ಪುಡಿ, ಎರಡೇ ದಿನಕ್ಕೆ ನಿಂತಿತು ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎರಡು ದಿನಕ್ಕೆ ಉಬ್ಬಸ ನಿಲ್ಲಿಸೋ ಬೇರು ಯಾವ್ದೂ ಇಲ್ಲಮ್ಮ. ಸ್ಟೀರಾಯ್ಡ್ ಮಾತ್ರೆ ಅರೆದು ಬೆರೆಸಿದ್ದಾರೆ. ನಿಮ್ಮ ಮೈ ತಾನಾಗೇ ತಯಾರು ಮಾಡ್ಬೇಕಾದ್ದನ್ನ ನಿಲ್ಲಿಸಿಬಿಟ್ಟಿದೆ, ರಕ್ತದಲ್ಲಿ ಕಾಣ್ತಿದೆ. ಮುಖ ದುಂಡಗಾಗಿರೋದೂ ಅದರಿಂದ್ಲೇ."

ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಸುಮಾರು ಮೂವತ್ತರ ವಯಸ್ಸಿನವರೆಗೆ ಮೈ ಮೂಳೆಯನ್ನು ತುಂಬಿಸಿಕೊಳ್ಳುತ್ತಿರುತ್ತದಂತೆ, ಆಮೇಲಿನ ಬಾಳೆಲ್ಲ ಆ ದಾಸ್ತಾನಿನ ಮೇಲೆಯೇ. ನಮ್ಮ ಕಡೆಯವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ, ಜೋಳ ಕೂಡಿಡುವ ನೆಲದ ಹಗೇವು ತುಂಬಬೇಕಾದ ಸುಗ್ಗಿಯಲ್ಲೇ ನಾನು ತಳ ತೋಡಿಬಿಟ್ಟಿದ್ದೆ. ಪುಡಿಯನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಡಾಕ್ಟರ ಲೆಕ್ಕದ ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಿಡಿಸಬೇಕು. ಮೂಳೆಗೆ ಬೇರೆ ಔಷಧಿ, ಬೆನ್ನಿಗೆ ಬೆಲ್ಟು, ಹಾಲು, ರಾಗಿ, ಸೊಪ್ಪು, ಮೈಗೆ ಬಿಸಿಲು, ಬೆನ್ನು ಕೂಡಿಕೊಂಡ ಮೇಲೆ ನಡಿಗೆ. ಉಬ್ಬಸಕ್ಕೆ ಕಪಾಟಿನಲ್ಲಿದ್ದ ಅದೇ ಪಂಪು. "ಅದರಲ್ಲಿರೋದು ಸ್ವಲ್ಪ, ಹೆಚ್ಚಿನಂಶ ಶ್ವಾಸಕೋಶಕ್ಕೇ ಹೋಗುತ್ತೆ. ಯಾರು ಹೇಳಿದ್ರು ನಿಮಗೆ ಅದು ಕೆಟ್ಟದ್ದು ಅಂತ?" ಎಂದರು. ಹೇಳಿದವಳು ನನ್ನ ಅವ್ವ. ಯಾರೋ ಅಂದರು ಎಂದೆ.

ಬಸ್ಸಿನಲ್ಲಿ ಬರುವಾಗ ನನಗಿದ್ದ ಚಿಂತೆ ಒಂದೇ. ಅಮ್ಮನಿಗೆ ಇದನ್ನು ಹೇಗೆ ಹೇಳಲಿ? ಪಾಪ, ತನ್ನ ಕೈಯಾರೆ ಕೊಟ್ಟದ್ದು ವಿಷ ಎಂದು ತಿಳಿದರೆ ಎದೆ ಒಡೆದುಕೊಳ್ಳುತ್ತಾರಲ್ಲ! ಪಕ್ಕದಲ್ಲಿ ಭವ್ಯ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಸಂಜೆ ಅಮ್ಮ ಅಲಸಂದೆಕಾಯಿ ಬಿಡಿಸುತ್ತಿದ್ದರು. ಎದುರಿಗೆ ಗೋಡೆಗೊರಗಿ ಕೂತು, ಆದಷ್ಟು ಮೆತ್ತಗೆ ಹೇಳಿದೆ. "ಅಮ್ಮಾ, ನೀವು ಬೇಜಾರು ಮಾಡಿಕೊಳ್ಳಬಾರದು. ಆ ತಾತ ನಮಗೆ ಮೋಸ ಮಾಡಿದ್ದಾನೆ. ಪುಡಿಯಲ್ಲಿ ಇಂಗ್ಲಿಷ್ ಮಾತ್ರೆ ಅರೆದು ಹಾಕಿದ್ದಾನಂತೆ."

ಅಮ್ಮನ ಕೈ ನಿಲ್ಲಲಿಲ್ಲ. "ಅದ್ರಲ್ಲಿ ಮಾತ್ರೆ ಇರುತ್ತೆ ಅಂತ ಊರಿಗೇ ಗೊತ್ತಲ್ಲಮ್ಮ," ಅಂದರು.

"ಗೊತ್ತಿತ್ತಾ ನಿಮಗೆ?"

"ನಮ್ಮ ನಾದ್ನಿ ಐದಾರು ವರ್ಷ ತಗೊಂಡ್ಳು. ಸೊಂಟದ ಮೂಳೆ ಹೋಯ್ತು. ಆವಾಗಿಂದ ನಾನು ಭವ್ಯಂಗೆ ಅದನ್ನ ಮುಟ್ಟಿಸಿಲ್ಲ."

ಅಲಸಂದೆಕಾಯಿಯ ಸಿಪ್ಪೆ ಬುಟ್ಟಿಗೆ ಬೀಳುತ್ತಲೇ ಇತ್ತು. ನನಗೆ ಕಿವಿ ಕೇಳಿಸುತ್ತಿದೆಯೋ ಇಲ್ಲವೋ ಎಂದು ಅನುಮಾನವಾಯಿತು. "ಮತ್ತೆ ನನಗೆ ಯಾಕೆ ಕೊಟ್ಟಿರಿ?" ಎಂದೆ.

ಆಗ ತಲೆ ಎತ್ತಿದರು. ಮುಖದಲ್ಲಿ ತಪ್ಪು ಮಾಡಿದವರ ಅಳುಕು ಇರಲಿಲ್ಲ, ನಿಜಕ್ಕೂ ಆಶ್ಚರ್ಯವಿತ್ತು. "ನೀನು ಜೋಳ ತಿಂದು ಬೆಳೆದೋಳಲ್ವಾ? ನಿಮ್ಮ ಕಡೆಯೋರ್ದು ಕಬ್ಬಿಣದ ಮೂಳೆ, ನಮ್ಮ ಹುಡುಗೀರ ಥರ ಮೆತ್ತನೇದಲ್ಲ. ನಿನಗೆ ಏನಾಗುತ್ತೆ ಅಂದ್ಕೊಂಡೆ. ಮೇಲಾಗಿ ನೀನೇನ್ ಇಲ್ಲೇ ಇರೋಳಾ? ಎರಡೋ ಮೂರೋ ವರ್ಷ, ಆಮೇಲೆ ವರ್ಗ ಮಾಡಿಸ್ಕೊಂಡು ನಿಮ್ಮೂರಿಗೆ ಹೋಗೋಳು. ಅಷ್ಟರಲ್ಲಿ ಮೂಳೆ ಸವೆಯಲ್ಲ ಅಂತ ತಿಳ್ಕೊಂಡಿದ್ದೆ. ನೀನು ಉಸಿರಿಗೆ ಒದ್ದಾಡೋದನ್ನ ನೋಡಕ್ಕಾಗ್ಲಿಲ್ಲ ತಲ್ಲಿ, ಅದಕ್ಕೇ ಕೊಟ್ಟೆ."

ಬೈದಿದ್ದರೆ, ಅತ್ತಿದ್ದರೆ, ನನಗೆ ಗೊತ್ತೇ ಇರಲಿಲ್ಲ ಎಂದು ಒಂದು ಸುಳ್ಳಾದರೂ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಮೂರು ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡಿದ್ದೇವೆ. ಒಬ್ಬ ಮಗಳಿಗೆ ಪಂಪು, ಇನ್ನೊಬ್ಬಳಿಗೆ ಪುಡಿ! ಈ ವ್ಯತ್ಯಾಸ ಅವರ ಮನಸ್ಸಿನಲ್ಲಿ ಮೊದಲ ದಿನದಿಂದಲೂ ಇತ್ತು. ಇರಲಿಲ್ಲವೆಂದು ನಂಬಿಕೊಂಡವಳು ನಾನೊಬ್ಬಳೇ.

"ನಾನು ನಿಮ್ಮ ಮಗಳಲ್ಲ ಅಂತ ಅವತ್ತೇ ಹೇಳಿಬಿಡಬೇಕಿತ್ತು ನೀವು," ಎಂದು ಕಿರುಚಿದೆ. ಕಿರುಚಿದ್ದಕ್ಕೆ ಬೆನ್ನು ಸೀಳಿಹೋದಂತಾಯಿತು.

ಅಮ್ಮ ಅಲಸಂದೆಕಾಯಿ ಬುಟ್ಟಿ ಪಕ್ಕಕ್ಕಿಟ್ಟು ನನ್ನ ಕೈ ಹಿಡಿದುಕೊಂಡರು. "ಹಂಗೆಲ್ಲಾ ಮಾತಾಡಬೇಡ. ಒಂದು ಮಾತು ನಡೆಸಿಕೊಡು ತಲ್ಲಿ. ಊರಲ್ಲಿ ಯಾರ ಹತ್ರನೂ ಇದನ್ನ ಹೇಳಬೇಡ. ನನ್ನ ಮಾತು ಕೇಳಿ ಎಷ್ಟೋ ಜನ ಆ ಪುಡಿ ತಗೋತಿದ್ದಾರೆ. ನಾಳೆ ನಮ್ಮನೆ ಮುಂದೆ ಬಂದು ಕೂತ್ಕೋತಾರೆ." ನಾನು ಕೈ ಬಿಡಿಸಿಕೊಂಡೆ. ಮನೆ ಬದಲಾಯಿಸೋಣವೆಂದರೆ ಸಾಮಾನು ಎತ್ತಿಡುವ ಬೆನ್ನೂ ನನಗಿರಲಿಲ್ಲ. ಗೋಡೆಯ ಈಚೆಗೆ ಬಂದು ಬಾಗಿಲು ಹಾಕಿಕೊಂಡೆ.

ದಸರೆಯ ರಜೆಗೆ ಬೆಲ್ಟು ಕಟ್ಟಿಕೊಂಡೇ ಇಂಡಿಗೆ ಹೋದೆ. ಹೆತ್ತ ತಾಯಿಯ ಮಡಿಲಿಗೆ ಬಿದ್ದು ಅತ್ತರೆ ಹಗುರಾದೀತು ಎಂಬ ಆಸೆ. ಅವ್ವ ಅತ್ತಳು ನಿಜ, ಆ ಮುದುಕನನ್ನು ವಾಚಾಮಗೋಚರವಾಗಿ ಬೈದಳು. ಬಿಸಿ ರೊಟ್ಟಿ, ಬೆಣ್ಣೆ, ಹಾಲು ಎಂದು ಎರಡು ದಿನ ಉಪಚಾರ ಮಾಡಿದಳು. ಮೂರನೆಯ ದಿನ ಸಿಂದಗಿಯ ಕಡೆಯಿಂದ ಬೀಗತನ ಕೇಳಿಕೊಂಡು ಜನ ಬರುವ ಸುದ್ದಿ ಬಂತು.

"ಬೆಲ್ಟ್ ತಗದು ಒಳಗಿಡು," ಅಂದಳು ಅವ್ವ. "ಯಾರರೆ ಕೇಳಿದ್ರ ಕಾಲು ಉಳುಕ್ಯದ ಅನ್ನು. ಬೆನ್ನೆಲುಬು ಮುರದದ ಅಂತ ಮಂದಿ ಮುಂದ ಹೇಳಬ್ಯಾಡ."

"ಅವ್ವಾ, ಬೆಲ್ಟ್ ತಗದ್ರ ಮತ್ತ ಕುಸೀತದ ಅಂತ ಡಾಕ್ಟರ್ ಹೇಳ್ಯಾರ."

"ಒಂದು ತಾಸಿನ ಮಾತಲ್ಲೇನು ಮಗಳ? ತಡಕೋ."

ಒಂದು ತಾಸು! ನನ್ನ ಬೆನ್ನುಮೂಳೆಗಿಂತ ಆ ತಾಸು ದೊಡ್ಡದಾಯಿತು ನನ್ನ ಅವ್ವನಿಗೆ. ನಾನು ಬೆಲ್ಟು ತೆಗೆಯಲಿಲ್ಲ. ಬಂದವರು ಚಹಾ ಕುಡಿದು, ನನ್ನ ನೆಟ್ಟನೆಯ ಕೂರುವಿಕೆಯನ್ನು ನೋಡಿ, ಮುಗುಳ್ನಕ್ಕು ಹೋದರು. ಅವ್ವ ಆಮೇಲೆ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಶಾಲೆಯಲ್ಲಿ ಕೆಲಸವಿದೆಯೆಂದು ನೆವ ಹೇಳಿ ರಜೆ ಮುಗಿಯುವುದಕ್ಕೆ ಮೊದಲೇ ನಾನು ವಾಪಸು ಬಂದೆ. ಆ ಬೇಸಿಗೆಯಲ್ಲಿ ಇದೇ ದಾರಿಯಲ್ಲಿ ನನ್ನ ಊರಿಗೆ ಮರಳುತ್ತಿದ್ದೇನೆ ಎಂಬ ಸಮಾಧಾನದಿಂದ ಬಂದಿದ್ದೆ, ಈ ಸಲ ಅದೂ ಇರಲಿಲ್ಲ.

ಯಾರಿಗೂ ಹೇಳುವ ಇರಾದೆ ನನಗೂ ಇರಲಿಲ್ಲ. ಅಮ್ಮ, ಅವ್ವ ಇಬ್ಬರೂ ಬೇಡ ಅಂದಿದ್ದಾರೆ, ಹಾಳಾಗಿ ಹೋಗಲಿ, ನನ್ನ ಬೆನ್ನು ನನಗೆ ಎಂದುಕೊಂಡಿದ್ದೆ. ಆದರೆ ಶಾಲೆಯಲ್ಲಿ ಬಿಸಿಯೂಟ ಮಾಡುವ ಮುನಿಯಮ್ಮ ಒಂದು ಮಧ್ಯಾಹ್ನ ಪಾತ್ರೆ ತೊಳೆದು ಮುಗಿಸಿ ನನ್ನ ಹತ್ತಿರ ಬಂದರು. ಅವರ ಮಗಳು ಮಾಲೂರಿನ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಳೆ. ಇಪ್ಪತ್ತೊಂದು ವಯಸ್ಸು. ರಾತ್ರಿ ಶಿಫ್ಟು ಪೂರ್ತಿ ನಿಂತೇ ಇರಬೇಕು, ಹಗಲು ಹಾಸ್ಟೆಲಿನಲ್ಲಿ ನಿದ್ದೆ, ಬಿಸಿಲು ಕಾಣುವುದು ಭಾನುವಾರ ಮಾತ್ರ.

"ಮಂಡಿ ನೋವು ಅಂತ ಅಳ್ತಾಳೆ ಟೀಚರಮ್ಮ. ವೆಂಕಟಲಕ್ಷ್ಮಮ್ಮೋರು ನಿಮಗೆ ಪುಡಿ ಕೊಡ್ತಿದ್ರಲ್ಲಾ, ಅದನ್ನೇ ಇವಳಿಗೂ ಕೊಡ್ಸಿ. ನೀವು ಬಂದಾಗ ಕಡ್ಡಿ ಥರ ಇದ್ರಿ, ಈಗ ನೋಡಿ ಎಷ್ಟು ಕಳೆಯಾಗಿದ್ದೀರ! ಊರೆಲ್ಲಾ ಅದೇ ಮಾತು."

ಇಷ್ಟು ಕಾಲ ಈ ಮುಖ ಹೊತ್ತುಕೊಂಡು ನಾನು ಊರ ತುಂಬ ಓಡಾಡಿದ್ದೇನೆ. ನನ್ನ ಮುಖ ನೋಡಿ ಎಷ್ಟು ಜನ ಮುಳಬಾಗಿಲಿನ ಬಸ್ಸು ಹತ್ತಿದರೋ! ಕುರ್ತಾ ಮೇಲೆತ್ತಿ ಬೆಲ್ಟು ತೋರಿಸಿದೆ. ಎಲ್ಲವನ್ನೂ ಹೇಳಿದೆ, ಯಾರು ಕೊಟ್ಟರು ಎಂಬುದನ್ನೂ ಬಿಡಲಿಲ್ಲ.

ಮುನಿಯಮ್ಮ ಕಣ್ಣರಳಿಸಿ ಕೇಳಿಸಿಕೊಂಡರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಎದ್ದರು. "ವೆಂಕಟಲಕ್ಷ್ಮಮ್ಮ ಇದೇ ಊರಲ್ಲಿ ಹುಟ್ಟಿದ ಹೆಣ್ಮಗಳು. ನಾವು ಒಟ್ಟಿಗೆ ಆಡಿ ಬೆಳೆದೋರು. ಅವಳು ಹಂಗೆ ಮಾಡೋಳಲ್ಲ. ನೀವು ಎಲ್ಲಿಂದಲೋ ಬಂದೋರು, ನಿಮಗೆ ನಮ್ಮ ಕಡೆ ಔಷಧಿ ಒಗ್ಗಿಲ್ಲ ಅಷ್ಟೇ." ತಪ್ಪು ತಿಳಿಯಬೇಡಿ ಎಂದು ಕೈ ಮುಗಿದು ಹೋದರು. ಬರುವ ಭಾನುವಾರವೇ ಮಗಳನ್ನು ಕರೆದುಕೊಂಡು ಮುಳಬಾಗಿಲಿಗೆ ಹೋಗುತ್ತಾರೆ ಎಂದು ಇನ್ನೊಬ್ಬ ಅಡುಗೆಯಾಕೆ ತಿಳಿಸಿದಳು.

ಅವತ್ತು ಸಂಜೆ ಭವ್ಯ ಬಸ್ಸಿಳಿಯುವುದನ್ನೇ ಕಾದು ನಿಂತು ರಸ್ತೆಯಲ್ಲೇ ಅವಳಿಗೆ ವಿಷಯ ಹೇಳಿದೆ. ನಿನ್ನ ತಾಯಿಯ ವಿರುದ್ಧ ನಿಲ್ಲು ಎಂದು ನಾನು ಕೇಳಲಿಲ್ಲ, ಕೇಳುವ ಬಾಯಿ ನನಗಿರಲಿಲ್ಲ. ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಒಳಗೆ ಹೋದಳು. ಮಾರನೆಯ ಬೆಳಗ್ಗೆ ಕಾಲೇಜಿನ ಬಸ್ಸಿಗೆ ಹೋಗಬೇಕಾದವಳು ನನ್ನ ಹಿಂದೆ ಹಳ್ಳಿಯ ಬಸ್ಸು ಹತ್ತಿದಳು. ಶಾಲೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಮುನಿಯಮ್ಮನಿಗೆ ತೆಲುಗಿನಲ್ಲಿ ಒಂದೇ ಮಾತು ಹೇಳಿದಳು: "ಅತ್ತಾ, ಮಾ ಅಮ್ಮ ಆ ಪುಡಿ ನಾಕು ಒಕ್ಕ ದಿನಮೂ ಇಯ್ಯಲೇ." ನಮ್ಮಮ್ಮ ಆ ಪುಡಿಯನ್ನು ನನಗೆ ಒಂದು ದಿನವೂ ಕೊಡಲಿಲ್ಲ ಎಂದು. ಬ್ಯಾಗಿನಿಂದ ತನ್ನ ಪಂಪನ್ನು ತೆಗೆದು ತೋರಿಸಿದಳು.

ಮುನಿಯಮ್ಮ ಆ ಪಂಪನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಭಾನುವಾರ ಮಗಳನ್ನು ಕರೆದುಕೊಂಡು ಮುಳಬಾಗಿಲಿಗೆ ಹೋಗಲಿಲ್ಲ, ಸೋಮವಾರ ರಜೆ ಹಾಕಿಸಿ ಕೋಲಾರಕ್ಕೆ, ನನ್ನ ಡಾಕ್ಟರಮ್ಮನ ಹತ್ತಿರ ಹೋದರು. ಹುಡುಗಿಯ ಮೈಯಲ್ಲಿ ವಿಟಮಿನ್ ಡಿ ತೀರಾ ಕಡಿಮೆಯಂತೆ, ವಯಸ್ಸಿದೆ, ಸರಿಹೋಗುತ್ತದೆ ಅಂದರಂತೆ. ನಾನು ಗೆದ್ದೆ ಎನ್ನಬೇಕು. ಬಂದು ಮೂರು ವರ್ಷಕ್ಕೆ, ಬೆನ್ನು ಮುರಿದುಕೊಂಡು, ಈ ಊರಲ್ಲಿ ನಾನು ಗೆದ್ದದ್ದು ಇಷ್ಟು.

ಸುದ್ದಿ ನಿಲ್ಲುತ್ತದೆಯೇ? ಅಮ್ಮ ಹೆದರಿದ್ದ ಹಾಗೇ ನಡೆಯಿತು. ನಾಲ್ಕಾರು ಹೆಂಗಸರು ಮನೆ ಮುಂದೆ ಬಂದು ಬೈದು ಹೋದರು. ಅಮ್ಮ ಅವರಿಗೆ ಎದುರು ಮಾತಾಡಲಿಲ್ಲ, ನನ್ನೊಡನೆ ಮಾತನ್ನೇ ನಿಲ್ಲಿಸಿದರು. ಈ ಬರಹ ನಮ್ಮ ಕಡೆ ಅಚ್ಚಾದ ದಿನ ಅವ್ವನೂ ನಿಲ್ಲಿಸುತ್ತಾಳೆ, ಸಿಂದಗಿಯವರಷ್ಟೇ ಅಲ್ಲ, ಇನ್ಯಾರೂ ಬರುವುದಿಲ್ಲ ಎಂದು ಎದೆ ಬಡಿದುಕೊಳ್ಳುತ್ತಾಳೆ. ಆದರೂ ಬರೆದಿದ್ದೇನೆ. ನಮ್ಮ ಜಿಲ್ಲೆಯಲ್ಲೂ ಇಂಥ ತಾತಂದಿರು ಇದ್ದಾರೆ, ಇಂಥ ಪೊಟ್ಟಣಗಳಿವೆ, ಎರಡು ದಿನದಲ್ಲಿ ನೋವು ಕಳೆಯುವ ಪವಾಡಗಳಿವೆ. ಮಗಳ ಮುಖ ಒಮ್ಮೆಲೇ ದುಂಡಗಾದರೆ ನೀರು ಹಿಡಿಸಿತು ಎಂದು ಹಿಗ್ಗಬೇಡಿ, ಏನು ಕುಡಿಯುತ್ತಿದ್ದೀಯ ಎಂದು ಕೇಳಿ.

ವರ್ಗಾವಣೆಗೆ ಅರ್ಜಿ ಕರೆದಿದ್ದಾರೆ. ಇಂಡಿ ತಾಲೂಕಿನಲ್ಲಿ ಜಾಗ ಖಾಲಿ ಇದೆಯಂತೆ. ಹಾಕುತ್ತೇನೆ ಎಂದು ದಿನಾ ಬೆಳಗ್ಗೆ ಅಂದುಕೊಳ್ಳುತ್ತೇನೆ, ಸಂಜೆ ಮಕ್ಕಳ ಪಟ್ಟಿಪುಸ್ತಕ ತಿದ್ದುತ್ತ ಕೂತಾಗ ಬೇಡ ಅನ್ನಿಸುತ್ತದೆ. ಹೋಗುವುದಾದರೂ ಯಾರ ಮನೆಗೆ?

ಮೊನ್ನೆ ದೀಪ ಹಚ್ಚುವ ಹೊತ್ತಿನಲ್ಲಿ ಬೆನ್ನು ತುಂಬ ನೋಯುತ್ತಿತ್ತು, ಒಲೆ ಹಚ್ಚಲಾಗದೆ ಚಾಪೆಯ ಮೇಲೆ ಮಲಗಿದ್ದೆ. ಗೋಡೆಯಾಚೆ ತಟ್ಟೆ ಇಡುವ ಸದ್ದಾಯಿತು. ಅಮ್ಮ ಭವ್ಯಳನ್ನು ಕೇಳಿದರು: "ಆಯಮ್ಮ ತಿನಿಂದಾ?" ತಲ್ಲಿ ಅನ್ನಲಿಲ್ಲ, ಆಯಮ್ಮ ಅಂದರು. ಬೇರೆಯವರ ಮನೆಯ ಹೆಂಗಸನ್ನು ಹಾಗೆ ಕರೆಯುತ್ತಾರೆ. ಆ ಹೆಂಗಸು ಉಂಡಳೇ?

"ಏಮೋ. ನುವ್ವೇ ಪೋಯಿ ಅಡುಗು," ಅಂದಳು ಭವ್ಯ. ನನಗೇನು ಗೊತ್ತು, ನೀನೇ ಹೋಗಿ ಕೇಳು ಎಂದು.

ನಾನು ಉಂಡಿರಲಿಲ್ಲ. ಅಮ್ಮ ಬಂದು ಕೇಳಲಿಲ್ಲ, ನಾನು ಹೋಗಿ ಹೇಳಲೂ ಇಲ್ಲ.